ಶಾಶ್ವತ ಆಶ್ರಯಧಾಮವೋ, ತಾತ್ಕಾಲಿಕ ತಂಗುದಾಣವೋ?

ಮಂಗಳೂರಿನ ಯಾವುದೇ ಬಡಾವಣೆಯವರು ಬೀದಿನಾಯಿಗಳಿಗಾಗಿ ಹಣ ಕೂಡಿಸಲು ಹೊರಟರೆ ಅವರ ಮುಂದೆ ಎರಡು ದಾರಿಗಳಿರುತ್ತವೆ: ಜಾಗ ಪಡೆದು ಶಾಶ್ವತ ಆಶ್ರಯಧಾಮ ಕಟ್ಟುವುದು, ಇಲ್ಲವೇ ಸಂತಾನಹರಣ ಶಸ್ತ್ರಚಿಕಿತ್ಸೆಗೂ ರೇಬೀಸ್ ಲಸಿಕೆಗೂ ನೆರವಾಗುವ ತಾತ್ಕಾಲಿಕ ತಂಗುದಾಣ ನಡೆಸುವುದು.

ಅಪಘಾತದಲ್ಲಿ ಕಾಲು ಕಳೆದುಕೊಂಡ, ಕುರುಡಾದ, ಮುಪ್ಪಿನಲ್ಲಿ ಮನೆಯವರೇ ಹೊರಗಟ್ಟಿದ ಪ್ರಾಣಿಗಳಿಗೆ ಆಶ್ರಯಧಾಮವಲ್ಲದೆ ಬೇರೆ ಗತಿಯಿಲ್ಲ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲಂತೂ ಅದರ ಅಗತ್ಯ ಹೆಚ್ಚಿದೆ. ಆದರೆ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯನ್ನು ಮರೆತು ಕಟ್ಟಿದ ಧಾಮ ರೋಗದ ಗೂಡಾಗುತ್ತದೆ. ಒದ್ದೆ ನೆಲದಲ್ಲಿ ಮಲಗಿದ ನಾಯಿಯ ಬೆರಳುಗಳ ಸಂದು ಕೆಂಪಾಗಿ ಕೊಳೆಯತೊಡಗುತ್ತದೆ, ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ನಾಯಿಗೂ ಆರೈಕೆ ಮಾಡುವವರಿಗೂ ತಗಲಬಹುದು, ಮತ್ತು ನಾಯಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು ಲಸಿಕೆಯಿಲ್ಲದ ಮರಿಗಳನ್ನು ಒಂದರ ಹಿಂದೊಂದು ಬಲಿ ತೆಗೆದುಕೊಳ್ಳುತ್ತದೆ. ಎತ್ತರದ ಇಳಿಜಾರು ನೆಲ, ಇರಚಲು ತಡೆಯುವ ಉದ್ದನೆಯ ಸೂರು, ಹೊಸದಾಗಿ ಬಂದವಕ್ಕೆ ಪ್ರತ್ಯೇಕ ಕೋಣೆ, ಇವಿಲ್ಲದೆ ಆ ಕೆಲಸಕ್ಕೆ ಕೈಹಾಕುವುದು ಕ್ರೂರವೇ ಸರಿ.

ತಂಗುದಾಣದ ಖರ್ಚು ಕಡಿಮೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಮಾನ್ಯತೆ ಪಡೆದ ಸಂಸ್ಥೆಯೇ ಶಸ್ತ್ರಚಿಕಿತ್ಸೆ ನಡೆಸಬೇಕಾದ್ದರಿಂದ ನಿವಾಸಿಗಳ ಪಾಲಿಗೆ ಉಳಿಯುವುದು ನಾಯಿಗಳನ್ನು ಗುರುತಿಸುವುದು, ಗಾಯಗೊಂಡವನ್ನು ಇರಿಸಿಕೊಳ್ಳುವುದು, ಮರಿಗಳಿಗೆ ಮನೆ ಹುಡುಕುವುದು. ಹೆಣ್ಣುನಾಯಿ ಗರ್ಭ ಧರಿಸಿದ ಸುಮಾರು 63 ದಿನಗಳಲ್ಲಿ ಮರಿ ಹಾಕುವುದರಿಂದ, ಸಂತಾನಹರಣ ನಿಂತರೆ ಎಷ್ಟು ದೊಡ್ಡ ಧಾಮವೂ ಸಾಲದು.

ಹಣ ಒಂದಕ್ಕೇ ಸಾಲುವುದಾದರೆ ತಂಗುದಾಣವನ್ನೇ ಮೊದಲು ಆರಿಸಿಕೊಳ್ಳಿ. ಶಾಶ್ವತ ಧಾಮದ ಜಾಗಕ್ಕಾಗಿ ಪಾಲಿಕೆಯನ್ನು ಒತ್ತಾಯಿಸುವ ಅರ್ಜಿಯನ್ನೂ ಅದೇ ವಾರ ಸಲ್ಲಿಸಿ.