ಕಡಲಾಮೆ ಕಾಯೋಣವೇ, ಹೊಳೆ ದಡ ಶುಚಿ ಮಾಡೋಣವೇ?

ಕೊಡಗಿನಲ್ಲಿದ್ದುಕೊಂಡೇ ಕಡಲಿಗಾಗಿ ಏನಾದರೂ ಮಾಡಬೇಕು ಅನ್ನುವವರಿಗೆ ಎರಡು ದಾರಿ ಇವೆ.

ಒಂದು, ಮಂಗಳೂರಿನ ಸಸಿಹಿತ್ಲು ಅಥವಾ ಹೊನ್ನಾವರದ ಕಾಸರಕೋಡು ಕಡೆ ಹೋಗಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಕಡಲಾಮೆ ಗೂಡು ಕಾಯುವುದು. ಆಲಿವ್ ರಿಡ್ಲಿ ಆಮೆ ರಾತ್ರಿ ದಡಕ್ಕೆ ಬಂದು, ಮರಳು ತೋಡಿ ಸುಮಾರು 100 ಮೊಟ್ಟೆ ಇಡುತ್ತದೆ. 45ರಿಂದ 60 ದಿನಕ್ಕೆ ಮರಿಗಳು ಹೊರಬರುತ್ತವೆ. ಅಂಗೈಗಿಂತ ಚಿಕ್ಕವು. ಹತ್ತಿರದಲ್ಲಿ ದೀಪ ಉರಿಯುತ್ತಿದ್ದರೆ ನೀರು ಬಿಟ್ಟು ಬೆಳಕಿನ ಕಡೆಗೇ ತೆವಳುತ್ತವೆ. ಹಾಗಾಗಿ ಟಾರ್ಚ್ ಆರಿಸಿ, ನಾಯಿಗಳನ್ನು ದೂರವಿಟ್ಟು, ಕತ್ತಲಲ್ಲಿ ಸುಮ್ನೆ ಕೂರುವುದೇ ಇಲ್ಲಿ ದೊಡ್ಡ ಕೆಲಸ. ಕಷ್ಟ ಏನೆಂದರೆ, ಆಮೆ ಮೊಟ್ಟೆ ಇಡುವ ಕಾಲವೂ ನಮ್ಮ ಕಾಫಿ ಕೊಯ್ಲಿನ ಕಾಲವೂ ಒಂದೇ. ತೋಟ ಇರುವವರಿಗೆ ಬಿಡುವು ಸಿಗುವುದು ಕಷ್ಟ, ಅಲ್ವಾ?

ಇನ್ನೊಂದು, ನಮ್ಮದೇ ಹೊಳೆ. ಕಾವೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಬರಪೊಳೆ ಕೇರಳ ದಾಟಿ ಅರಬ್ಬಿ ಸಮುದ್ರ ಸೇರುತ್ತದೆ. ಮಳೆಗಾಲ ಮುಗಿದ ಮೇಲೆ ಹೊಳೆ ದಡದ ಬಿದಿರಿನ ಬುಡ ನೋಡಿ. ಶಾಂಪೂ ಸ್ಯಾಶೆ, ಚಿಪ್ಸ್ ಪ್ಯಾಕೆಟ್, ಹರಿದ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರುತ್ತವೆ. ಗ್ಲೌಸ್, ಗೋಣಿಚೀಲ, ಒಂದು ಭಾನುವಾರ ಬೆಳಗ್ಗೆ ಇದ್ದರೆ ಸಾಕು. ಮಕ್ಕಳನ್ನೂ ಕರೆದುಕೊಂಡು ಹೋಗಬಹುದು, ನೀರು ಕಡಿಮೆ ಇರುವಾಗ ಮಾತ್ರ.

ಆಮೆ ನೋಡುವ ಆಸೆ ಜಾಸ್ತಿ ಇದ್ದವರೂ ಮೊದಲು ಹೊಳೆಯಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಕೊಯ್ಲು ಮುಗಿದ ಮೇಲೆ, ಮಾರ್ಚಿನಲ್ಲಿ, ಎರಡು ರಾತ್ರಿ ಕಡಲ ದಡಕ್ಕೆ ಹೋಗಿ ಬನ್ನಿ. ಮರಿಗಳು ಹೊರಬರುವ ಹೊತ್ತೂ ಅದೇ.