ದುಬೈ ಫ್ಯಾಮಿಲಿ ವೀಸಾ "ಪ್ಯಾಕೇಜ್" ಅಂತ ಹಣ ಕೊಡುವ ಮೊದಲು ಇದನ್ನು ಓದಿ

ಕಾಸರಗೋಡು, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯಿಂದ ಯಾರಾದರೂ ಚಿಕ್ಕ ಮಕ್ಕಳನ್ನು ಕರೆದುಕೊಂಡು ದುಬೈಗೋ ಶಾರ್ಜಾಕ್ಕೋ ಹೋಗಲು ಹೊರಟಿದ್ದರೆ ದಯವಿಟ್ಟು ಪೂರ್ತಿ ಓದಿ. ಉದ್ದ ಉಂಟು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಬಹುದು. ಆದರೂ ಓದಿ.

ನಮಗೆ ಮೋಸ ಮಾಡಿದ ವೀಸಾ ಏಜೆಂಟಿನ ಆಫೀಸಿನ ಹೆಸರು ಹಾಕುವುದಿಲ್ಲ. ಕೇಸು ಉಂಟು, ವಕೀಲರು ಬೇಡ ಅಂದಿದ್ದಾರೆ. ಆದರೆ ಅವರು ಮಾತಾಡುವ ರೀತಿ ಹೇಳುತ್ತೇನೆ. ಅಲ್ಲಿ ಕೂತು ಬಂದವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

ನಮ್ಮ ಮನೆಯವರು ದುಬೈನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದಾರೆ. ಇಷ್ಟು ವರ್ಷ ಬ್ಯಾಚುಲರ್ ರೂಮಿನಲ್ಲಿ ದಿನ ದೂಡಿದವರು, ಸಂಬಳ ಸ್ವಲ್ಪ ಏರಿದ ಮೇಲೆ ಇನ್ನು ಎಲ್ಲರೂ ಒಟ್ಟಿಗೆ ಇರೋಣ ಅಂದರು. ಮಗಳು ಎರಡನೇ ಕ್ಲಾಸು, ಇಲ್ಲೇ ಕನ್ನಡ ಮೀಡಿಯಂ. ಮಗ ಇನ್ನೂ ಅಂಗನವಾಡಿ. ಬೇಕಾದ ಕಾಗದ ಮಹಾ ಏನಿಲ್ಲ. ಮದುವೆ ಸರ್ಟಿಫಿಕೇಟು, ಇಬ್ಬರು ಮಕ್ಕಳ ಜನನ ಸರ್ಟಿಫಿಕೇಟು, ಮಗಳ ಟಿಸಿ. ಮದುವೆ ರಿಜಿಸ್ಟರ್ ಆದದ್ದು ಇಲ್ಲಿಯ ಪಂಚಾಯತಿನಲ್ಲಿ. ಹೆರಿಗೆ ಎರಡೂ ಮಂಗಳೂರಿನಲ್ಲಿ. ನಮ್ಮ ಕಡೆಯವರದ್ದು ಹಾಗೇ ಅಲ್ವಾ, ಸ್ವಲ್ಪ ಜಾಸ್ತಿ ಜ್ವರ ಬಂದರೂ ತಲಪಾಡಿ ಗಡಿ ದಾಟುವುದು. ಈ ಮಂಗಳೂರಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಈ ಕಾಗದಗಳಿಗೆ ಅಟೆಸ್ಟೇಶನ್, ಅಂದರೆ ಕಾಗದ ಅಸಲಿ ಅಂತ ಸರಕಾರಿ ಸೀಲು, ಮಾಡಿಸಲು ಎಲ್ಲರೂ ಏಜೆಂಟರಿಗೇ ಕೊಡುವುದು. ಅರ್ಧ ಹಣ ಮೊದಲು, ಅರ್ಧ ಕಾಗದ ಕೈಗೆ ಬಂದ ಮೇಲೆ. ನಾವೂ ಹಾಗೇ ಹೋದೆವು. ಇವನನ್ನೇ ಆರಿಸಿದ್ದು ಯಾಕೆ ಅಂದರೆ, ಅವನು ಕನ್ನಡ ಮಾತಾಡುತ್ತಾನೆ. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕಾಸರಗೋಡಿನಲ್ಲಿ ಇದ್ದವರಿಗೆ ಗೊತ್ತು. ಯಾವ ಆಫೀಸಿಗೆ ಹೋದರೂ ಫಾರ್ಮು ಮಲಯಾಳಂನಲ್ಲಿ, ಬೋರ್ಡು ಮಲಯಾಳಂನಲ್ಲಿ, ಕೌಂಟರಿನಲ್ಲಿ ಕೂತವರ ಮಾತೂ ಅದೇ. ಅಂಥದ್ದರಲ್ಲಿ ಒಬ್ಬ ಕುರ್ಚಿ ಎಳೆದು "ಬನ್ನಿ ಅಕ್ಕ, ಕೂತ್ಕೊಳ್ಳಿ, ಯಾವ ಕಡೆಯವರು ನೀವು" ಅಂದರೆ ಹೇಗಿರುತ್ತದೆ? ನನ್ನ ಅಪ್ಪನ ಊರು ಕೇಳಿದ. ಅಲ್ಲಿ ಅವನ ಚಿಕ್ಕಮ್ಮನ ಮನೆ ಉಂಟಂತೆ. ಅತ್ತೆಗೆ ನೀರು ತರಿಸಿದ. "ಬೇರೆಯವರು ನಿಮ್ಮನ್ನು ಸುಲಿಯುತ್ತಾರೆ ಅಕ್ಕ. ನಾನು ನಮ್ಮವರಿಗೆ ಹಾಗೆಲ್ಲ ಮಾಡುವವನಲ್ಲ." ನಮ್ಮವರು! ಈ ಮಾತು ಅವನ ಬಾಯಲ್ಲಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ.

ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಲೆಕ್ಕ ಬರೆದುಕೊಟ್ಟ. ಅಟೆಸ್ಟೇಶನ್, ವೀಸಾ ಪ್ರೊಸೆಸಿಂಗ್, ಮಕ್ಕಳ ಮೆಡಿಕಲ್, ಸ್ಕೂಲ್ ಸೀಟ್ ಬ್ಲಾಕಿಂಗ್, ಎಲ್ಲಾ ಸೇರಿ 1,15,000. ಅಡ್ವಾನ್ಸ್ 70,000. ಬಿಲ್ಲು ಕೇಳಿದೆ. "ಬಿಲ್ ಬೇಕಾದರೆ 18 ಪರ್ಸೆಂಟ್ ಜಿಎಸ್‌ಟಿ ಮೇಲೆ ಬೀಳುತ್ತದೆ ಅಕ್ಕ, ಸುಮ್ನೆ ಯಾಕೆ ನಿಮಗೆ ನಷ್ಟ" ಅಂದ. ಅಡಕೆ ಮಾರಿದ ಹಣ ಅತ್ತೆಯ ಹತ್ತಿರ ಇತ್ತು. ಅದನ್ನೇ ಕೊಟ್ಟೆವು, ಸ್ವಲ್ಪ ಕೈಯಲ್ಲಿ, ಉಳಿದದ್ದು ಗೂಗಲ್ ಪೇ. ಒರಿಜಿನಲ್ ಸರ್ಟಿಫಿಕೇಟು, ನಮ್ಮ ಮೂವರ ಪಾಸ್‌ಪೋರ್ಟು, ಎಲ್ಲಾ ಅವನಲ್ಲಿ. ಅಟೆಸ್ಟೇಶನ್‌ಗೆ ಸಾಮಾನ್ಯವಾಗಿ ಪಾಸ್‌ಪೋರ್ಟಿನ ಕಾಪಿ ಸಾಕು. ಅವನು ಒರಿಜಿನಲ್ಲೇ ಬೇಕು ಅಂದ. ಯಾಕೆ ಅಂತ ಆಮೇಲೆ ಗೊತ್ತಾಯಿತು.

"ಮಗಳ ಟಿಸಿ ಈಗಲೇ ತೆಗೆಸಿ ಅಕ್ಕ, ಇಲ್ಲಾಂದ್ರೆ ಅಲ್ಲಿ ಏಪ್ರಿಲ್ ಸೀಟು ಹೋಗ್ತದೆ" ಅಂತ ಅವಸರ ಮಾಡಿದ. ದುಬೈನ ಇಂಡಿಯನ್ ಸಿಲೆಬಸ್ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುವುದು ನಿಜ. ಅದಕ್ಕೆ ವರ್ಷದ ನಡುವೆ ಟಿಸಿ ತೆಗೆಸಿದೆವು. ಮಗಳು ಕ್ಲಾಸಿನಲ್ಲಿ ಎಲ್ಲರಿಗೂ ಚಾಕೊಲೇಟ್ ಹಂಚಿ ಬಂದಳು. ಹಸುವನ್ನು ಪಕ್ಕದ ಮನೆಯವರಿಗೆ ಕೊಟ್ಟೆವು. ನೆಂಟರೆಲ್ಲ ಊಟಕ್ಕೆ ಕರೆದರು, ಹೋಗಿ ಉಂಡೂ ಬಂದೆವು. ಈಗ ಅದೇ ನೆಂಟರು ಜಾತ್ರೆಯಲ್ಲಿ, ಮದುವೆಯಲ್ಲಿ "ಎಂತ, ಇನ್ನೂ ಹೋಗ್ಲಿಲ್ವಾ?" ಅಂತ ಕೇಳುವಾಗ ಯಾವ ಮುಖ ಇಟ್ಟುಕೊಂಡು ನಿಲ್ಲುವುದು ಹೇಳಿ.

ಆಮೇಲೆ ಬರೀ ವಾಯ್ಸ್ ಮೆಸೇಜು. "ಫೈಲ್ ಡೆಲ್ಲಿಯಲ್ಲಿ ಮೂವ್ ಆಗ್ತಾ ಉಂಟು ಅಕ್ಕ." "ಎಂಬೆಸಿಯಲ್ಲಿ ರಜೆ ಅಕ್ಕ." ಹಿಂದಿನಿಂದ ಯಾರೋ ಮಲಯಾಳಂನಲ್ಲಿ ನಗುವ ಸದ್ದು. ನಾನು ಜೋರು ಮಾಡಿದರೆ "ಟೆನ್ಷನ್ ಅಡಿಕ್ಕಂಡಾ (ಟೆನ್ಷನ್ ಮಾಡ್ಬೇಡಿ), ನಮ್ಮವರಿಗೆ ಮೋಸ ಮಾಡ್ತೇನಾ ನಾನು?"

ಕೊನೆಗೆ ಒಂದು ರಾತ್ರಿ ಸ್ಕ್ಯಾನ್ ಕಾಪಿ ಕಳಿಸಿದ. ಎರಡೂ ಬದಿ, ಬಣ್ಣದ ಸೀಲು, ಸ್ಟಿಕ್ಕರು, ನೋಡಲು ಚಂದ. ಒರಿಜಿನಲ್ ಬೇಕಾದರೆ ಬಾಕಿ 45,000 ಹಾಕಬೇಕಂತೆ. ನಾನು ಖುಷಿಯಲ್ಲಿ ಅದನ್ನು ಮನೆಯವರಿಗೆ ಕಳಿಸಿದೆ. ಅವರು ಫೋನು ಹಿಡಿದುಕೊಂಡು ಆಮೇರ್ ಸೆಂಟರಿಗೆ ಹೋದರು. ಅಲ್ಲೇ ದುಬೈಯ ವೀಸಾ ಅರ್ಜಿ ಹಾಕುವುದು. ಕೌಂಟರಿನ ಹುಡುಗಿ ಸ್ಕ್ರೀನ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಅಪೋಸ್ಟಿಲ್ ಅಲ್ವಾ? ಯುಎಇ ಎಂಬೆಸಿಯ ಸ್ಟಾಂಪ್ ಎಲ್ಲಿ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಪೋಸ್ಟಿಲ್ ಅಂದರೆ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯ ಅಂಟಿಸುವ ಸ್ಟಿಕ್ಕರು. ಭಾರತ 2005ರಲ್ಲೇ ಅದಕ್ಕೆ ಸೇರಿದೆ. ಒಮಾನ್ ಸೇರಿದೆ, ಬಹರೈನ್ ಸೇರಿದೆ, ಸೌದಿ 2022ರಲ್ಲಿ ಸೇರಿತು. ಯುಎಇ ಸೇರಿಲ್ಲ. ಅಲ್ಲಿಗೆ ಹೋಗುವ ಕಾಗದಕ್ಕೆ ದಾರಿಯೇ ಬೇರೆ. ಮೊದಲು ಕಾಗದ ಕೊಟ್ಟ ರಾಜ್ಯದ ಗೃಹ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ಎಂಬೆಸಿ, ಕೊನೆಗೆ ಅಲ್ಲಿ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ. ಇಷ್ಟು ವರ್ಷ ಇದೇ ದಂಧೆ ಮಾಡುವವನಿಗೆ ಇದು ಗೊತ್ತಿಲ್ಲವಾ?

ಫೋನು ಮಾಡಿದೆ. ಅವನ ಉತ್ತರ ಕೇಳಿ. "ಅಕ್ಕ, ನಿಮ್ಮ ಯಜಮಾನರಿಗೆ ಅಲ್ಲಿಯ ರೂಲ್ಸ್ ಸರಿ ಗೊತ್ತಿಲ್ಲ." ಅಲ್ಲಿ ಇರುವವರಿಗೆ ಗೊತ್ತಿಲ್ಲ, ಬಸ್ ಸ್ಟ್ಯಾಂಡ್ ಹಿಂದೆ ಕೂತವನಿಗೆ ಗೊತ್ತು! ಕೌಂಟರಿನಲ್ಲೇ ಹೇಳಿದ್ದಾರೆ ಅಂದೆ. ಆಗ ಮಾತು ತಿರುಗಿತು. "ಇದು ಒಮಾನಿಗೆ ನಡೆಯುತ್ತದೆ ಅಕ್ಕ. ಮುಂದೆ ನಿಮಗೆ ಒಮಾನಿಗೆ ಹೋಗ್ಬೇಕಾದ್ರೆ ಪ್ರಯೋಜನಕ್ಕೆ ಬರ್ತದೆ." ಒಮಾನಿಗೆ! ಗಂಡ ಇರುವುದು ದುಬೈನಲ್ಲಿ, ನಾವು ಒಮಾನಿಗೆ ಹೋಗಬೇಕಂತೆ. ಆ ವಾಯ್ಸ್ ಮೆಸೇಜ್ ಈಗಲೂ ನನ್ನ ಫೋನಿನಲ್ಲಿ ಉಂಟು.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ತಮ್ಮ ಆ ಸ್ಟಿಕ್ಕರಿನ ನಂಬರನ್ನು ಆನ್‌ಲೈನ್‌ನಲ್ಲಿ ಹಾಕಿ ನೋಡಿದ. ಅಪೋಸ್ಟಿಲ್ ನಂಬರು ಅಸಲಿಯೋ ಅಂತ ವಿದೇಶಾಂಗ ಸಚಿವಾಲಯದ ಸೈಟಿನಲ್ಲೇ ನೋಡಬಹುದು. ಆ ನಂಬರಿಗೆ ದಾಖಲೆಯೇ ಇಲ್ಲ. ಇನ್ನೊಂದು ಹಾಕಿದ. ಅದಕ್ಕೂ ಇಲ್ಲ. ಅಂದರೆ ಸ್ಟಿಕ್ಕರೇ ನಕಲಿ. ತಪ್ಪು ಸ್ಟಿಕ್ಕರು ಹಾಕಿದ್ದಲ್ಲ, ಮನೆಯಲ್ಲೇ ಪ್ರಿಂಟ್ ಹೊಡೆದದ್ದು! ಆ ಹೊತ್ತಿಗೆ ನನಗೆ ಸಿಟ್ಟು ಕೂಡ ಬರಲಿಲ್ಲ. ಕೈಕಾಲು ತಣ್ಣಗಾಯಿತು. ಈ ಕಾಗದ ದುಬೈನಲ್ಲಿ ಅರ್ಜಿಯ ಜೊತೆ ಸಲ್ಲಿಕೆ ಆಗಿದ್ದರೆ? ನಕಲಿ ದಾಖಲೆ ಕೊಟ್ಟದ್ದಕ್ಕೆ ಅಲ್ಲಿ ಸಿಕ್ಕಿಬೀಳುವುದು ಏಜೆಂಟ್ ಅಲ್ಲ, ಅರ್ಜಿಗೆ ಸೈನ್ ಹಾಕಿದ ಗಂಡ. ಕೆಲಸ ಹೋಗುವುದು ಬಿಡಿ, ಕೇಸೇ ಆಗುತ್ತಿತ್ತು.

"ಸೈಟ್ ಅಪ್‌ಡೇಟ್ ಆಗಿಲ್ಲ ಅಕ್ಕ." ಇದು ಅವನ ಉತ್ತರ.

ತಮ್ಮ ಸ್ಕ್ಯಾನನ್ನು ದೊಡ್ಡದು ಮಾಡಿ ಹಿಂಬದಿ ನೋಡಿದ. ಮಕ್ಕಳ ಜನನ ಸರ್ಟಿಫಿಕೇಟು ಮಂಗಳೂರಿನದ್ದು, ಅಂದರೆ ಕರ್ನಾಟಕದ್ದು. ಅದರ ಹಿಂದೆ ಕೇರಳ ಗೃಹ ಇಲಾಖೆಯ ಸೀಲು! ಮಂಗಳೂರಿನ ಕಾಗದ ಬೆಂಗಳೂರಿಗೆ ಹೋಗಬೇಕು, ಕಾಸರಗೋಡಿನ ಕಾಗದ ತಿರುವನಂತಪುರಕ್ಕೆ. ಗಡಿಯಲ್ಲಿ ಇರುವ ನಮಗೆ ಇದು ದೊಡ್ಡ ತಲೆನೋವು, ಒಂದೇ ಮನೆಯ ಕಾಗದಕ್ಕೆ ಎರಡು ರಾಜ್ಯ. ಇವನು ಆ ತಲೆನೋವನ್ನೇ ಇಟ್ಟುಕೊಳ್ಳಲಿಲ್ಲ, ಮೂರಕ್ಕೂ ಒಂದೇ ಸೀಲು ಹೊಡೆದುಬಿಟ್ಟ. ಯಾಕೆ ಹೀಗೆ ಅಂತ ಕೇಳಿದರೆ ಏನು ಹೇಳಿದ ಗೊತ್ತಾ? "ಎಲ್ಲಾ ಒಂದೇ ಇಂಡಿಯಾ ಅಲ್ವಾ ಅಕ್ಕ." ಎಂತ ಹೇಳುವುದು ಮಾರಾಯ್ರೆ ಇವನಿಗೆ!

ಉಳಿದ ಲೆಕ್ಕವೂ ಹಾಗೇ. "ವೀಸಾ ಪ್ರೊಸೆಸಿಂಗ್" ಅಂತ ತೆಗೆದುಕೊಂಡ. ಫ್ಯಾಮಿಲಿ ವೀಸಾದ ಅರ್ಜಿ ಹಾಕುವುದು ಅಲ್ಲಿ ಕೆಲಸದಲ್ಲಿರುವ ಗಂಡ. ಅವರ ಸಂಬಳ ತಿಂಗಳಿಗೆ 4,000 ದಿರ್ಹಮ್ ಇರಬೇಕು, ಅಥವಾ 3,000 ಮತ್ತು ಕಂಪನಿಯದ್ದೇ ಮನೆ. ದುಬೈ ಆದರೆ ಬಾಡಿಗೆ ಕರಾರು ಇಜಾರಿಯಲ್ಲಿ, ಅಂದರೆ ಅಲ್ಲಿಯ ಸರಕಾರದ ಬಾಡಿಗೆ ನೋಂದಣಿಯಲ್ಲಿ, ರಿಜಿಸ್ಟರ್ ಆಗಿರಬೇಕು. ಇದರಲ್ಲಿ ಕಾಸರಗೋಡಿನಲ್ಲಿ ಕೂತವನು ಪ್ರೊಸೆಸ್ ಮಾಡುವುದು ಎಂತದ್ದು? "ಮಕ್ಕಳ ಮೆಡಿಕಲ್" ಅಂತ ಬೇರೆ. ಅಲ್ಲಿ ರೆಸಿಡೆನ್ಸ್ ವೀಸಾಕ್ಕೆ ಮೆಡಿಕಲ್ ಟೆಸ್ಟು 18 ವರ್ಷ ತುಂಬಿದವರಿಗೆ. ನನ್ನ ಮಗನಿಗೆ ಇನ್ನೂ ಶೂ ಲೇಸ್ ಕಟ್ಟಲು ಬರುವುದಿಲ್ಲ, ಅವನ ಹೆಸರಿನಲ್ಲೂ ಮೆಡಿಕಲ್ ಹಣ.

ಸ್ಕೂಲ್ ಸೀಟಿನದ್ದು ಇನ್ನೂ ಚಂದ. ಲೆಟರ್‌ಹೆಡ್‌ನಲ್ಲಿ ಪ್ರಿಂಟಾದ "ಅಡ್ಮಿಶನ್ ಕನ್ಫರ್ಮ್" ಪತ್ರ ಕೊಟ್ಟಿದ್ದ. ಮನೆಯವರು ಆ ಶಾಲೆಗೇ ಹೋಗಿ ಕೇಳಿದರು. ಅಂಥ ಅರ್ಜಿಯೇ ಬಂದಿಲ್ಲ. ಅರ್ಜಿ ತಂದೆ ತಾಯಿಯೇ ಹಾಕಬೇಕು, ಮಗಳಿಗೆ ಇಂಗ್ಲಿಷಿನಲ್ಲಿ ಟೆಸ್ಟು ಇರುತ್ತದೆ ಅಂದರಂತೆ. ಕನ್ನಡ ಮೀಡಿಯಂ ಮಗು, ತಯಾರಿ ಮಾಡಿಸಬೇಕು ಅಂತ ಇವನು ಒಂದು ಮಾತು ಹೇಳಿದ್ದನಾ? ಇಲ್ಲ. ಅಲ್ಲಿ ಅರಬಿ ಕಡ್ಡಾಯ ಅನ್ನುವುದೂ ನಮಗೆ ಆಗಲೇ ಗೊತ್ತಾದದ್ದು. ಇಲ್ಲಿ ಮಲಯಾಳಂ ಕಡ್ಡಾಯ ಅಂತ ಗಲಾಟೆ, ಅಲ್ಲಿ ಹೋದರೆ ಅರಬಿ, ನಮ್ಮ ಮಕ್ಕಳ ಹಣೆಬರಹವೇ ಹಾಗೆ ಇರಬೇಕು.

ಆಫೀಸಿಗೆ ಹೋದೆ, ಅತ್ತೆ, ತಮ್ಮ ಜೊತೆಗೆ. ಕುರ್ಚಿ ಎಳೆಯಲಿಲ್ಲ ಈ ಸಲ. "ಅಕ್ಕ" ಹೋಗಿ "ಮೇಡಂ" ಬಂದಿತ್ತು. ಕನ್ನಡವೂ ಹೋಗಿತ್ತು, ಬರೀ ಮಲಯಾಳಂ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಮಲಯಾಳಂನಲ್ಲಿ ಪಕ್ಕದವನ ಹತ್ತಿರ ಹೇಳುತ್ತಾನೆ! ಹಣ ವಾಪಸ್ ಕೇಳಿದರೆ "ಖರ್ಚಾಗಿದೆ." ಪಾಸ್‌ಪೋರ್ಟ್ ಕೇಳಿದರೆ "ಬಾಕಿ ಕ್ಲಿಯರ್ ಮಾಡಿ, ತಗೊಂಡು ಹೋಗಿ." ಇದಕ್ಕೇ ಒರಿಜಿನಲ್ ಇಟ್ಟುಕೊಂಡದ್ದು. ನಮ್ಮನ್ನು ಕಟ್ಟಿಹಾಕಲು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಡ್ರಾಯರಿನಲ್ಲಿ ಇಟ್ಟುಕೊಂಡು ವ್ಯಾಪಾರ ಮಾಡುತ್ತಾನೆ ಅಂದರೆ ಎಂಥ ಮನುಷ್ಯ!

ಅತ್ತೆ ಅತ್ತುಬಿಟ್ಟರು. ಅದಕ್ಕೂ ಅವನು ಫೋನು ನೋಡುತ್ತಾ ಕೂತಿದ್ದ. ತಮ್ಮ ಮಾತ್ರ ಗಲಾಟೆ ಮಾಡದೆ ಒಂದು ಮಾತು ಹೇಳಿದ: "ಪಾಸ್‌ಪೋರ್ಟ್ ಭಾರತ ಸರಕಾರದ ಆಸ್ತಿ ಅಂತ ಅದರಲ್ಲೇ ಅಚ್ಚಾಗಿದೆ. ನೀವು ಸರಕಾರದ ಆಸ್ತಿ ಒತ್ತೆ ಇಟ್ಟುಕೊಂಡಿದ್ದೀರಿ ಅಂತ ಈಗಲೇ ಸ್ಟೇಷನ್‌ನಲ್ಲಿ ಬರೆದು ಕೊಡ್ತೇವೆ." ಡ್ರಾಯರ್ ತೆರೆಯಿತು. ಪಾಸ್‌ಪೋರ್ಟ್, ಸರ್ಟಿಫಿಕೇಟ್ ಎಲ್ಲಾ ಮೇಜಿನ ಮೇಲೆ ಬಿಸಾಡಿದ. ಹಣ ಮಾತ್ರ ಇಲ್ಲ. ಹೊರಗೆ ಬರುವಾಗ ಹಿಂದಿನಿಂದ ಕನ್ನಡ ಮತ್ತೆ ಬಂತು: "ನಮ್ಮವರು ಅಂತ ಸಹಾಯ ಮಾಡಿದ್ದಕ್ಕೆ ಇದಾ ಮರ್ಯಾದೆ?"

ಸ್ಟೇಷನ್‌ನಲ್ಲಿ ಮೊದಲು "ಇದು ಹಣದ ವ್ಯವಹಾರ, ಮಾತಾಡಿ ಮುಗಿಸಿ" ಅಂದರು. ನಕಲಿ ಸೀಲು ತೋರಿಸಿದ ಮೇಲೆ ದೂರು ಬರೆದುಕೊಂಡರು. ಗ್ರಾಹಕ ಆಯೋಗಕ್ಕೂ ಅರ್ಜಿ ಹಾಕಿದ್ದೇನೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ಫೀಸು ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು ಅಷ್ಟೆ. ಹಣ ಫೋನಿನಿಂದ ಹೋದದ್ದಾದರೆ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ತಡವಾದಷ್ಟು ಸಿಗುವುದು ಕಷ್ಟ, ನಮ್ಮದು ಹಾಗೇ ಆಗಿದೆ.

ಮಗಳನ್ನು ಹಳೆ ಶಾಲೆಗೇ ಮತ್ತೆ ಸೇರಿಸಿದೆವು. ಹೆಡ್‌ಮಾಸ್ಟರು ಒಂದು ಪ್ರಶ್ನೆ ಕೇಳಲಿಲ್ಲ, ಒಳ್ಳೆಯ ಮನುಷ್ಯ. ನಕಲಿ ಸೀಲು ಬಿದ್ದ ಸರ್ಟಿಫಿಕೇಟುಗಳನ್ನು ಪೊಲೀಸರಿಗೆ ಕೊಟ್ಟು, ಪಂಚಾಯತಿನಿಂದಲೂ ಮಂಗಳೂರಿನಿಂದಲೂ ಹೊಸ ಪ್ರತಿ ತೆಗೆಸಿದ್ದೇನೆ. ಮಂಗಳೂರಿನದ್ದರಲ್ಲಿ ನನ್ನ ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನ ಹಾಗೆ ಇರಲಿಲ್ಲ. ಅದನ್ನೂ ಈ ಪುಣ್ಯಾತ್ಮ "ನಡೀತದೆ" ಅಂದಿದ್ದ. ಈಗ ಅದರ ತಿದ್ದುಪಡಿ ನಡೆಯುತ್ತಿದೆ. ಅದು ಸರಿಯಾಗದೆ ಬೆಂಗಳೂರಿಗೆ ಕಳಿಸುವ ಹಾಗಿಲ್ಲ. ಮದುವೆ ಸರ್ಟಿಫಿಕೇಟನ್ನು ಈ ಸಲ ಕೋಝಿಕ್ಕೋಡಿನ ನೋರ್ಕಾ ರೂಟ್ಸ್ ಕಚೇರಿಯಲ್ಲಿ ವಿಚಾರಿಸಿಯೇ ಮುಂದೆ ಹೋಗುತ್ತೇವೆ. ಅದು ಕೇರಳ ಸರಕಾರದ್ದೇ. ಮಲಯಾಳಂನಲ್ಲಿ ಮಾತಾಡಿದರೆ ಮಾತಾಡಲಿ, ರಸೀದಿ ಕೊಡುತ್ತಾರಲ್ಲ.

ನೀವು ಹೋಗುವವರಾದರೆ ಪಾಸ್‌ಪೋರ್ಟ್ ಒರಿಜಿನಲ್ ಯಾರ ಕೈಗೂ ಬಿಡಬೇಡಿ. ಎಲ್ಲಾ ಸೇರಿಸಿ ಒಂದೇ ರೇಟು ಹೇಳುವವರಿಂದ ದೂರ ಇರಿ. ಬಾಕಿ ಕೊಡುವ ಮೊದಲು ಸ್ಟಾಂಪು ಯಾವ ರಾಜ್ಯದ್ದು, ಎಂಬೆಸಿಯದ್ದು ಉಂಟಾ ಅಂತ ಕಣ್ಣಾರೆ ನೋಡಿ. ಶಾಲೆಗೆ ನೀವೇ ಫೋನು ಮಾಡಿ. ಸೀಟು ನಿಜವಾಗಿ ಸಿಗುವವರೆಗೆ ಟಿಸಿ ತೆಗೆಸಬೇಡಿ, ಯಾರು ಎಷ್ಟು ಅವಸರ ಮಾಡಿದರೂ.

ಅವನ ಆಫೀಸು ಈಗಲೂ ತೆರೆದೇ ಉಂಟು. ಮೊನ್ನೆ ಬಸ್ಸಿನಿಂದ ನೋಡಿದೆ, ಬಾಗಿಲಲ್ಲಿ ಒಬ್ಬಳು ಹೆಂಗಸು ಮಗುವನ್ನು ಎತ್ತಿಕೊಂಡು ಫೈಲ್ ಹಿಡಿದು ನಿಂತಿದ್ದಳು. ಬಸ್ ನಿಲ್ಲಲಿಲ್ಲ. ಆ ಹೆಂಗಸು ಇದನ್ನು ಓದುತ್ತಿದ್ದರೆ, ಅಥವಾ ಅಲ್ಲಿ ಹಣ ಕೊಟ್ಟ ಬೇರೆ ಯಾರಾದರೂ ಇದ್ದರೆ, ಆ ವಾಯ್ಸ್ ಮೆಸೇಜು, ಗೂಗಲ್ ಪೇ ಸ್ಕ್ರೀನ್‌ಶಾಟ್, ಕ್ಯಾಲೆಂಡರ್ ಹಾಳೆ ಯಾವುದನ್ನೂ ಅಳಿಸಬೇಡಿ, ಬಿಸಾಡಬೇಡಿ. ಇಂದೇ ಹೋಗಿ ಒರಿಜಿನಲ್ ವಾಪಸ್ ತನ್ನಿ, ನಾಳೆ ಸ್ಟೇಷನ್‌ನಲ್ಲಿ ದೂರು ಕೊಡಿ. ಒಬ್ಬಳೇ ಹೋದರೆ "ಹಣದ ವ್ಯವಹಾರ" ಅನ್ನುತ್ತಾರೆ. ನಾಲ್ಕು ಮನೆಯವರು ಒಂದೇ ಸೀಲು ಹಿಡಿದುಕೊಂಡು ಹೋದರೆ ಹಾಗೆ ಹೇಳಲು ಆಗುವುದಿಲ್ಲ.