ಬೇಸ್‌ಬಾಲ್ ದಿಗ್ಗಜರ ಲಕೋಟೆ: ಮೊದಲ ದಿನದ್ದೋ, ಘಟನೆಯದ್ದೋ?

ಮೊದಲ ದಿನದ ಲಕೋಟೆ, ಅಂದರೆ ಹೊಸ ಅಂಚೆಚೀಟಿ ಹಚ್ಚಿ ಅದು ಬಿಡುಗಡೆಯಾದ ದಿನದ ಅಂಚೆ ಮುದ್ರೆ ಒತ್ತಿದ್ದು, ಆ ಚೀಟಿಯನ್ನೇ ನಂಬಿಕೊಂಡಿದೆ. ಜಾಕಿ ರಾಬಿನ್ಸನ್ ಚೀಟಿ 1982ರ ಆಗಸ್ಟ್ 2ರಂದು ಕೂಪರ್ಸ್‌ಟೌನ್‌ನಲ್ಲಿ, ಬೇಬ್ ರೂತ್ ಚೀಟಿ 1983ರ ಜುಲೈ 6ರಂದು ಶಿಕಾಗೋದಲ್ಲಿ ಬಂತು. ಮುದ್ರೆಯ ಊರು, ದಿನ ಎರಡೂ ಹೊಂದಿದರೆ ಸಾಕು, ಪರಿಶೀಲನೆ ಸುಲಭ. ಸಹಿಯಿಲ್ಲದವು ಹೇರಳ, ಅಗ್ಗ.

ಘಟನೆಯ ಲಕೋಟೆಗೆ, ಅಂದರೆ ಒಂದು ಘಟನೆ ನಡೆದ ದಿನದ ಮುದ್ರೆ ಒತ್ತಿದ್ದಕ್ಕೆ, ಯಾವ ಚೀಟಿಯಾದರೂ ನಡೆಯುತ್ತದೆ. ಬೆಲೆ ಇರುವುದು ಮುದ್ರೆಯ ದಿನಕ್ಕೆ. ಹ್ಯಾಂಕ್ ಆರನ್ ರೂತ್ ದಾಖಲೆ ಮುರಿದ 715ನೇ ಹೋಮ್‌ರನ್ ಹೊಡೆದದ್ದು 1974ರ ಏಪ್ರಿಲ್ 8ರಂದು, ಅಟ್ಲಾಂಟಾದಲ್ಲಿ. ಮುದ್ರೆ ಅಂದಿನದ್ದಾಗಿದ್ದರೂ ಲಕೋಟೆಯ ಮೇಲಿನ ಅಲಂಕಾರದ ಚಿತ್ರವನ್ನು ಆಮೇಲೆ ಅಚ್ಚು ಹಾಕಿರಬಹುದು. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ: ಚಿತ್ರದ ಶಾಯಿ ಮುದ್ರೆಯ ಮೇಲೆ ಹರಿದಿದ್ದರೆ ಅದು ನಂತರದ ಕೆಲಸ. ಇಂಕ್‌ಜೆಟ್‌ನ ಚದುರಿದ ಬಣ್ಣದ ಚುಕ್ಕಿ ಕಂಡರಂತೂ ಬಿಟ್ಟುಬಿಡಿ.

ಸಹಿ ಬೇಕೆನ್ನುವವರಿಗೆ ಘಟನೆಯದ್ದೇ ಸರಿ. ಅಮೆರಿಕದ ಅಂಚೆ ಬದುಕಿರುವವರನ್ನು ಚೀಟಿಯಲ್ಲಿ ಗೌರವಿಸುತ್ತಿರಲಿಲ್ಲ. ರೂತ್ ತೀರಿಕೊಂಡದ್ದು 1948ರಲ್ಲಿ, ರಾಬಿನ್ಸನ್ 1972ರಲ್ಲಿ. ಅವರವರ ಚೀಟಿಯ ಮೊದಲ ದಿನದ ಲಕೋಟೆಯಲ್ಲಿ ಅವರದೇ ಸಹಿ ಇದ್ದರೆ ಸ್ವರ್ಗದಿಂದಲೇ ಬಂದಿರಬೇಕು! 1939ರ ಜೂನ್ 12ರ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಶತಮಾನೋತ್ಸವದ ಲಕೋಟೆ ಬೇರೆ ಮಾತು: ಅಂದು ರೂತ್ ಅಲ್ಲೇ ಇದ್ದರು. ಆದರೆ ಅದರ ಮೇಲೆ ನಕಲಿ ಸಹಿಯೂ ಇರಬಹುದು. ಸ್ವತಂತ್ರ ತಜ್ಞರ ಪ್ರಮಾಣಪತ್ರವಿಲ್ಲದೆ ಕೊಳ್ಳಬೇಡಿ.

ಎರಡನ್ನೂ ಪಾಲಿಯೆಸ್ಟರ್ ಹಾಳೆಯಲ್ಲಿಡಿ. ಪಿವಿಸಿ ಬೇಡ, ಅದರ ಮೃದುಕಾರಕ ಒಸರಿ ಸಹಿಯ ಶಾಯಿ ಕದಡುತ್ತದೆ.